ಅಸ್ಥಿರಜ್ಜುವೂ ಸರ್ಪಭ್ರಾಂತಿಯೂ

ಕಳೆದ ಕಾರ್ತಿಕ ಮಾಸದಲ್ಲಿ ಬಂಧುಗಳೊಬ್ಬರ ಮನೆಯ ಮದುವೆಗೆಂದು ಹೋಗಿದ್ದಾಗ, ಕಲ್ಯಾಣಮಂಟಪದ ಮೆಟ್ಟಿಲಿಳಿಯುವಲ್ಲಿ ನಮ್ಮ ಬಲಗಾಲು ಒಳಮಗ್ಗುಲಿಗೆ ತಿರುಚಿಕೊಂಡಿತು. ಬಿದ್ದವರನ್ನು ಎತ್ತಿ ಕೂರಿಸಿದವರು ಹಲವರು. ಮದ್ದು ಹೇಳಿದವರು ಅದಕ್ಕಿಂತಲೂ ಹಲವರು. ಹರಡು ಊದಿಕೊಂಡಿತು, ಹೊರಮಗ್ಗುಲು ನೀಲಿಗಟ್ಟಿತು. ಆದರೂ ಕೋಲೂರಿಕೊಂಡು ನಡೆದೆವು, ಅಕ್ಷತೆ ಹಾಕಿ ಊಟ ಮುಗಿಸಿಯೇ ಊರಿಗೆ ಮರಳಿದೆವು. ನಾಲ್ಕಾರು ವಾರಗಳಲ್ಲಿ ಊತ ಇಳಿಯಿತು. ನೋವು ಮಾತ್ರ ಬೆಳಗಿನ ಹೊತ್ತು ಸ್ವಲ್ಪ ಉಳಿದುಕೊಂಡಿತು. ಮಗನು ಸುಮ್ಮನಿರಲಿಲ್ಲ. ಪಟ್ಟಣಕ್ಕೆ ಕರೆದೊಯ್ದು ಎಂ.ಆರ್.ಐ. ಚಿತ್ರ ತೆಗೆಸಿದನು.

ಮರುದಿನ ಬಂದ ವರದಿಯು ಎರಡು ಪುಟದ್ದು. ಹೊರಮಗ್ಗುಲಿನ ಮುಂದಣ ರಜ್ಜುವಿಗೆ ಪೆಟ್ಟಾಗಿದೆ ಎಂಬುದು ಮೊದಲನೆಯ ಮಾತು. ಅದು ನಮಗೂ ತಿಳಿದಿದ್ದುದೇ. ಆದರೆ ಹಿಂದಣ ರಜ್ಜುವಿನಲ್ಲಿಯೂ, ಒಳಮಗ್ಗುಲಿನ ರಜ್ಜುವಿನಲ್ಲಿಯೂ ಬಿಳಿಯ ಗೆರೆಗಳಿವೆ, ಭಾಗಶಃ ಹರಿದಿರುವ ಶಂಕೆಯಿದೆ ಎಂದು ಮುಂದೆ ಬರೆದಿತ್ತು. ಮನೆಯವರ ಮುಖ ಬಾಡಿತು. ಮೂರು ರಜ್ಜುಗಳು ಹರಿದ ಕಾಲಿನಲ್ಲಿ ಈ ವಯಸ್ಸಿನವರು ಇನ್ನು ನಡೆಯುವುದುಂಟೆ? ಅದುವರೆಗೆ ಹಿತ್ತಿಲಿಗೂ ಗುಡಿಗೂ ನಡೆದಾಡುತ್ತಿದ್ದ ನಾವು ಅಂದಿನಿಂದ ಮಂಚ ಹಿಡಿದೆವು. ಓದುಗರು ಗಮನಿಸಬೇಕು: ಕಾಲು ನಿನ್ನೆಯದೇ, ನೋವೂ ನಿನ್ನೆಯದೇ. ಹೊಸದಾಗಿ ಬಂದದ್ದು ಕಾಗದವೊಂದೇ.

ಹತ್ತು ದಿನಗಳ ಅನಂತರ ಮೂಳೆವೈದ್ಯರೊಬ್ಬರಲ್ಲಿಗೆ ಹೋದೆವು. ಅವರು ವರದಿಯನ್ನು ಕೈಗೆ ತೆಗೆದುಕೊಳ್ಳದೆ ಮೊದಲು ನಮ್ಮ ಕಾಲನ್ನು ಕೈಗೆ ತೆಗೆದುಕೊಂಡರು. ಹಿಮ್ಮಡಿಯನ್ನು ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿದರು. ಬಳಿಕ, ಯಾರೂ ನೋಡದಿದ್ದ ಎಡಗಾಲನ್ನೂ ಹಾಗೆಯೇ ಎಳೆದು ನೋಡಿದರು. ಬೆರಳಿನಿಂದ ಒಂದೊಂದು ಜಾಗವನ್ನೂ ಒತ್ತಿ, ಇಲ್ಲಿ ನೋವೇ, ಇಲ್ಲಿ ನೋವೇ ಎಂದು ಕೇಳಿದರು. ಆಮೇಲೆ ಚಿತ್ರಗಳನ್ನು ಬೆಳಕಿಗೆ ಹಿಡಿದು ನಕ್ಕು ನುಡಿದರು: "ಸ್ವಾಮಿ, ಮುಂದಿನದು ನಿಜವಾದ ಉಳುಕು, ಅದು ಮಾಯುತ್ತಿದೆ. ಉಳಿದೆರಡು ನೀವು ಹುಟ್ಟುವಾಗಲೇ ತಂದ ಗೆರೆಗಳು. ಎದ್ದು ನಡೆಯಿರಿ."

ಆ ಗೆರೆಗಳ ಮರ್ಮವೇನೆಂದು ಅವರಿಂದ ಕೇಳಿ ತಿಳಿದು, ಬಳಿಕ ಗ್ರಂಥಗಳಲ್ಲಿ ಹುಡುಕಿ ಓದಿದುದನ್ನು ಈ ತಿಂಗಳು ನಮ್ಮ ಓದುಗ ಕುಟುಂಬಗಳ ಮುಂದಿಡುತ್ತಿದ್ದೇವೆ. ಇಂದು ಇಂಥ ವರದಿ ಬಾರದ ಮನೆ ವಿರಳವಾದುದರಿಂದ ಇದು ನಮ್ಮೊಬ್ಬರ ಕಾಲಿನ ಕಥೆಯಲ್ಲ.

ಮಾನವನ ಒಂದು ಪಾದದಲ್ಲಿ 26 ಎಲುಬುಗಳಿವೆ. ಒಂದನ್ನೊಂದು ಕೂಡುವಲ್ಲಿ ಮೂವತ್ತಕ್ಕೂ ಹೆಚ್ಚು ಕೀಲುಗಳಿವೆ. ಎಲುಬಿಗೂ ಎಲುಬಿಗೂ ಬಿಗಿದ ನಾರಿನ ಪಟ್ಟಿಗಳೇ ಅಸ್ಥಿರಜ್ಜುಗಳು. ವೈದ್ಯರು ಲಿಗಮೆಂಟ್ ಎನ್ನುತ್ತಾರೆ. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಕಂಡರವು ಬೇರೆ, ಇದು ಬೇರೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ ಎಲುಬುಗಳನ್ನು 300 ಎಂದೂ, ಸಂಧಿಗಳನ್ನು 210 ಎಂದೂ, ಸ್ನಾಯುಗಳನ್ನು 900 ಎಂದೂ ಎಣಿಸಿದೆ. ಅಲ್ಲಿ ಸ್ನಾಯುವೆಂದರೆ ಇಂದಿನ ಮಾಂಸಖಂಡವಲ್ಲ, ಕಟ್ಟುವ ನಾರು. ಹಲಗೆಗಳನ್ನು ಹಗ್ಗದಿಂದ ಬಿಗಿದಾಗ ದೋಣಿಯು ಹೇಗೆ ಭಾರ ಹೊರುವುದೋ ಹಾಗೆಯೇ ಈ ಬಂಧನಗಳಿಂದ ದೇಹವು ಭಾರ ಹೊರುವುದೆಂದು ಆ ಗ್ರಂಥವು ಹೋಲಿಕೆ ಕೊಡುತ್ತದೆ. ಎಲುಬುಗಳ ಎಣಿಕೆಯಲ್ಲಿ ಇಂದಿನ ಶಾಸ್ತ್ರಕ್ಕೂ ಅದಕ್ಕೂ ಭೇದವುಂಟು. ದೋಣಿಯ ಹೋಲಿಕೆಯಲ್ಲಿ ಭೇದವಿಲ್ಲ. ಯುರೋಪಿನಲ್ಲಿ ವೆಸೇಲಿಯಸ್ ಎಂಬ ಪಂಡಿತನು 1543ರಲ್ಲಿ ಶವಚ್ಛೇದನವನ್ನು ಆಧರಿಸಿದ ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ಅಸ್ಥಿರಜ್ಜುಗಳಿಗೆಂದೇ ಮೀಸಲಾದ ಗ್ರಂಥವನ್ನು ವೈಟ್‌ಬ್ರೆಕ್ಟ್ ಎಂಬುವನು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ 1742ರಲ್ಲಿ ಹೊರತಂದನು.

ಹೀಗೆ ಶವವನ್ನು ಬಿಡಿಸಿ ಕಣ್ಣಾರೆ ಕಂಡವರು ಬಹುಕಾಲದಿಂದ ಒಂದು ಸಂಗತಿಯನ್ನು ಬಲ್ಲರು: ಇಬ್ಬರ ರಜ್ಜುಗಳು ಒಂದೇ ಅಚ್ಚಿನವಲ್ಲ. ಆದರೆ ಬದುಕಿರುವವರ ರಜ್ಜುವನ್ನು ಕೊಯ್ಯದೆ ನೋಡುವ ಉಪಾಯ ಆಗ ಇರಲಿಲ್ಲ. ರಾಂಟ್‌ಜನ್ನನು 1895ರಲ್ಲಿ ಕ್ಷಕಿರಣವನ್ನು ಕಂಡುಹಿಡಿದಾಗ ಎಲುಬು ಕಂಡಿತು, ರಜ್ಜು ಕಾಣಲಿಲ್ಲ. ರಜ್ಜುವನ್ನು ಸ್ಪಷ್ಟವಾಗಿ ತೋರಿಸಿದುದು ಕಾಂತಶಕ್ತಿಯಿಂದ ಚಿತ್ರ ತೆಗೆಯುವ ಎಂ.ಆರ್.ಐ. ವಿಧಾನ. ಅದನ್ನು ಬೆಳೆಸಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿಗಳಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈ ಯಂತ್ರವು ಎಲುಬನ್ನಾಗಲಿ ನಾರನ್ನಾಗಲಿ ನೇರವಾಗಿ ನೋಡುವುದಿಲ್ಲ. ದೇಹದ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಇರುವ ಜಲಜನಕದ ಕಣಗಳು ಕಾಂತಕ್ಷೇತ್ರದಲ್ಲಿ ಕೊಡುವ ಕ್ಷೀಣವಾದ ಮರುದನಿಯನ್ನು ಕೇಳಿ, ಅದನ್ನು ಕಪ್ಪುಬಿಳುಪಿನ ಚಿತ್ರವಾಗಿ ಬರೆಯುತ್ತದೆ. ರಜ್ಜುವಿನ ನಾರುಗಳು ಒತ್ತೊತ್ತಾಗಿ ಹೆಣೆದುಕೊಂಡಿರುವುದರಿಂದ ಅಲ್ಲಿನ ನೀರಿನ ಮರುದನಿಯು ಬಲು ಬೇಗ ಅಡಗಿಹೋಗುತ್ತದೆ. ಆದುದರಿಂದ ಆರೋಗ್ಯವಂತ ರಜ್ಜುವು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹರಿದಲ್ಲಿ ನೀರು ತುಂಬುತ್ತದೆ, ನೀರು ಬಿಳಿದಾಗಿ ತೋರುತ್ತದೆ. ಇಷ್ಟನ್ನು ಕೇಳಿದ ಕೂಡಲೆ ನಾವು ಅವಸರದಿಂದ, ಬಿಳಿದು ಕಂಡುದೆಲ್ಲ ಹರಿದುದು ಎಂದು ಅನುಮಾನ ಮಾಡಿಬಿಡುತ್ತೇವೆ. ತರ್ಕಶಾಸ್ತ್ರ ಓದಿದ ಬಾಲಕನೂ ಈ ಅನುಮಾನದ ದೋಷವನ್ನು ಹೇಳಬಲ್ಲನು. ಹೊಗೆಯಿದ್ದಲ್ಲಿ ಬೆಂಕಿಯುಂಟು ಎಂಬುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕು ಎಂಬುದು ಸರಿಯಲ್ಲ. ಹರಿದ ಕಡೆ ಬಿಳಿದು ಕಾಣುವುದು ಸಹಜ. ಬಿಳಿದು ಕಂಡ ಕಡೆಯೆಲ್ಲ ಹರಿದಿರಬೇಕಿಲ್ಲ.

ಬಿಳುಪಿಗೆ ಬೇರೆ ಕಾರಣಗಳು ಹಲವುಂಟು. ಕೆಲವು ರಜ್ಜುಗಳು ಒಂದೇ ಗಟ್ಟಿ ಪಟ್ಟಿಯಾಗಿರದೆ ಹಲವು ಎಳೆಗಳ ಕಟ್ಟಾಗಿರುತ್ತವೆ. ಎಳೆಗಳ ನಡುವೆ ಕೊಬ್ಬು ತುಂಬಿರುತ್ತದೆ. ಹರಡಿನ ಹಿಂದಣ ಹೊರರಜ್ಜುವೂ, ಒಳಮಗ್ಗುಲಿನಲ್ಲಿ ಬೀಸಣಿಗೆಯಂತೆ ಹರಡಿರುವ ಡೆಲ್ಟಾಯ್ಡ್ ರಜ್ಜುವಿನ ಆಳದ ಪದರವೂ ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಇವು ಆರೋಗ್ಯವಂತರಲ್ಲಿಯೂ ಕಪ್ಪುಬಿಳುಪಿನ ಪಟ್ಟೆಪಟ್ಟೆಯಾಗಿಯೇ ಕಾಣುತ್ತವೆ. ಒಳಮಗ್ಗುಲಿನ ರಜ್ಜುವಿನಲ್ಲಂತೂ ಆ ಪಟ್ಟೆಗಳು ಅಳಿಸಿಹೋದರೆ ಅದೇ ಪೆಟ್ಟಿನ ಕುರುಹಾಗಬಹುದು. ನಮ್ಮ ವರದಿಯು ಹರಿದಿದೆಯೆಂದು ಶಂಕಿಸಿದುದು ಈ ಎರಡು ರಜ್ಜುಗಳನ್ನೇ. ವೈದ್ಯರು ಅದನ್ನು ಬಗೆಹರಿಸಿದ ರೀತಿ ಸರಳವಾದುದು. ಕೊಬ್ಬಿನ ಮರುದನಿಯನ್ನು ಅಡಗಿಸಿ ತೆಗೆಯುವ ಒಂದು ಬಗೆಯ ಚಿತ್ರವುಂಟು. ಅದರಲ್ಲಿ ಕೊಬ್ಬು ಕಪ್ಪಾಗುತ್ತದೆ, ನೀರು ಮಾತ್ರ ಬೆಳ್ಳಗೆ ಉಳಿಯುತ್ತದೆ. ನಮ್ಮ ಚಿತ್ರಗಳ ಕಟ್ಟಿನಲ್ಲಿ ಅಂಥವೂ ಇದ್ದವು. ಅವುಗಳಲ್ಲಿ ಆ ಬಿಳಿಯ ಗೆರೆಗಳು ಮಾಯವಾಗಿದ್ದವು.

ಎರಡನೆಯ ಕಾರಣ ಇನ್ನೂ ಸ್ವಾರಸ್ಯವಾದುದು. ರಜ್ಜುವಿನ ನಾರುಗಳು ಯಂತ್ರದ ಕಾಂತಕ್ಷೇತ್ರದ ದಿಕ್ಕಿಗೆ ಸುಮಾರು 55 ಅಂಶಗಳ ಕೋನದಲ್ಲಿ ಓರೆಯಾಗಿ ಬಿದ್ದರೆ, ಬೇಗ ಅಡಗಬೇಕಾದ ಮರುದನಿಯು ತುಸು ಹೊತ್ತು ಉಳಿದುಕೊಳ್ಳುತ್ತದೆ. ಆಗ ಏನೂ ಆಗದ ರಜ್ಜುವೂ ಕಂಡರವೂ ಬೆಳ್ಳಗೆ ತೋರುತ್ತವೆ. ವೈದ್ಯರು ಇದನ್ನು ಮಾಯಾಕೋನ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಹರಡಿನ ಸುತ್ತ ನಾರುಗಳು ಬಾಗಿ ತಿರುಗುವುದರಿಂದ ಈ ಮಾಯೆ ಅಲ್ಲಿ ಹೆಚ್ಚು. ಮರುದನಿಯನ್ನು ತಡವಾಗಿ ಆಲಿಸಿ ತೆಗೆದ ಚಿತ್ರದಲ್ಲಿ ಅದು ಅಳಿಯುತ್ತದೆ. ಪಾದವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಚಿತ್ರ ತೆಗೆದರೂ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ನಿಜವಾದ ಹರಕು ಪಾದವನ್ನು ಹೇಗೆ ಇಟ್ಟರೂ ಉಳಿದಿರುತ್ತದೆ.

ಮೂರನೆಯದು ರಜ್ಜುಗಳ ಸಂಖ್ಯೆ ಮತ್ತು ಆಕಾರದಲ್ಲಿರುವ ಹುಟ್ಟುಭೇದ. ಉಳುಕಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುವ ಮುಂದಣ ಹೊರರಜ್ಜುವು ಕೆಲವರಲ್ಲಿ ಒಂದೇ ಪಟ್ಟಿ, ಹಲವರಲ್ಲಿ ಎರಡು, ಅಪರೂಪವಾಗಿ ಮೂರು. ಎರಡರ ನಡುವಣ ಸಂದನ್ನು ಸೀಳೆಂದು ತಪ್ಪಾಗಿ ತಿಳಿಯುವುದು ಸಾಧ್ಯ. ಕಾಲಿನ ಎರಡು ನೀಳ ಎಲುಬುಗಳನ್ನು ಮುಂಭಾಗದಲ್ಲಿ ಕಟ್ಟುವ ರಜ್ಜುವಿಗೆ ಕೆಳಗಡೆ ಇನ್ನೊಂದು ಪ್ರತ್ಯೇಕ ಎಳೆಯಿರುವುದನ್ನೂ, ಅದು ಕೆಲವರಲ್ಲಿ ಎಲುಬಿಗೆ ಉಜ್ಜಿ ನೋವು ತರಬಲ್ಲುದನ್ನೂ ಅಮೆರಿಕದ ಬ್ಯಾಸೆಟ್ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ವಿವರಿಸಿದರು. ಅಂದಿನಿಂದ ಅದಕ್ಕೆ ಬ್ಯಾಸೆಟ್ ರಜ್ಜು ಎಂದೇ ಹೆಸರು. ಆದರೆ ಆ ಎಳೆಯು ಯಾವ ನೋವೂ ಇಲ್ಲದವರಲ್ಲಿಯೂ ಇರುವಂಥದೇ. ಹರಡಿನ ಹಿಂಬದಿಯಲ್ಲಿ ಎರಡು ಗಿಣ್ಣುಗಳ ನಡುವೆ ಹಾಯುವ ಮತ್ತೊಂದು ರಜ್ಜುವು ಕೆಲವರಲ್ಲಿ ಉಂಟು, ಕೆಲವರಲ್ಲಿ ಇಲ್ಲವೇ ಇಲ್ಲ. ಪಾದದ ನಡುವೆ ಎರಡನೆಯ ಬೆರಳಿನ ಸಾಲಿನ ಎಲುಬನ್ನು ಬಿಗಿದಿರುವ ರಜ್ಜುವಿಗೆ ನೆಪೋಲಿಯನ್ನನ ಕಾಲದ ಫ್ರೆಂಚ್ ಶಸ್ತ್ರವೈದ್ಯ ಲಿಸ್‌ಫ್ರಾಂಕನ ಹೆಸರಿದೆ. ಅದೂ ಒಂದೇ ಕಟ್ಟಾಗಿರಬಹುದು ಅಥವಾ ಎರಡಾಗಿ ಪಟ್ಟೆಪಟ್ಟೆಯಾಗಿಯೂ ಇರಬಹುದು. ಪಾದದ ಕಮಾನನ್ನು ಎತ್ತಿಹಿಡಿಯುವ ಸ್ಪ್ರಿಂಗ್ ರಜ್ಜುವಿಗೆ ಮೂರು ಅಂಗಗಳಿವೆ. ಅವುಗಳ ನಡುವಣ ಸಣ್ಣ ಕುಳಿಯಲ್ಲಿ ನೀರು ಕಂಡ ಮಾತ್ರಕ್ಕೆ ರಜ್ಜು ಹರಿದಿದೆಯೆಂದು ಹೇಳಲಾಗದು.

ಇದನ್ನೆಲ್ಲ ಕೇಳುವಾಗ ನಮಗೆ ಮಠದ ಪಾಠಶಾಲೆಯ ವ್ಯಾಕರಣ ಪಾಠ ನೆನಪಾಯಿತು. ಪಾಣಿನಿಯ ಸೂತ್ರಗಳಲ್ಲಿ 'ವಾ' ಎಂದೂ 'ವಿಭಾಷಾ' ಎಂದೂ ಬರುವ ಶಬ್ದಗಳುಂಟು. ಅಂಥ ಕಡೆ ಎರಡು ರೂಪಗಳೂ ಸಾಧು. ಎಳೆಯ ವಿದ್ಯಾರ್ಥಿಗಳಾಗಿದ್ದಾಗ ನಾವು ಬಾಯಿಪಾಠ ಮಾಡಿದ ರೂಪವನ್ನು ಬಿಟ್ಟು ಎರಡನೆಯದನ್ನು ಕಂಡೊಡನೆ ತಪ್ಪೆಂದು ಗೆರೆ ಎಳೆಯುತ್ತಿದ್ದೆವು. ಗುರುಗಳು ಆ ಗೆರೆಯನ್ನು ಅಳಿಸಿ, ಇದು ದೋಷವಲ್ಲ, ವಿಕಲ್ಪ ಎಂದು ತಿದ್ದುತ್ತಿದ್ದರು. ದೇಹದಲ್ಲಿಯೂ ವಿಕಲ್ಪವುಂಟು. ಪುಸ್ತಕದಲ್ಲಿ ಬರೆದ ಪಾದವು ಒಂದು ಮಾದರಿ. ಜೀವಂತ ಪಾದಗಳು ಆ ಮಾದರಿಯ ಸುತ್ತ ಹಲವು ಬಗೆಯವು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುವರ್ಗದ ಹೆಣ್ಣುಮಗಳೊಬ್ಬಳು, ಖೋಖೋ ಆಟದಲ್ಲಿ ಬಲು ಚುರುಕಿನವಳು, ಕಾಲು ಉಳುಕಿಸಿಕೊಂಡಳು. ಕ್ಷಕಿರಣದ ಚಿತ್ರದಲ್ಲಿ ಪಾದದ ಒಳಮಗ್ಗುಲಿನ ಎಲುಬಿನ ಪಕ್ಕ ಒಂದು ಸಣ್ಣ ಚೂರು ಕಂಡಿತು. ಎಲುಬು ಮುರಿದಿದೆ ಎಂದರು, ಪಟ್ಟು ಹಾಕಿದರು. ಆರು ವಾರಗಳ ಅನಂತರ ತೆಗೆದ ಚಿತ್ರದಲ್ಲಿಯೂ ಚೂರು ಹಾಗೆಯೇ ಇತ್ತು. ಕೂಡಿಕೊಂಡಿಲ್ಲ, ಇನ್ನು ಆಟ ಬೇಡ ಎಂದಾಯಿತು. ತಂದೆತಾಯಿಗಳು ನಮ್ಮ ಬಳಿ ಬಂದು ಕೇಳಿದಾಗ, ಹೆಣ್ಣುಮಗಳ ಕಾಲು, ನಾಳೆ ಮದುವೆಯಾಗಬೇಕಾದವಳು, ಸಾಹಸ ಬೇಡ ಎಂದವರಲ್ಲಿ ನಾವೂ ಒಬ್ಬರು. ಎರಡು ವರ್ಷಗಳ ಕಾಲ ಅವಳು ಮೈದಾನದ ಅಂಚಿನಲ್ಲಿ ಕುಳಿತು ಗೆಳತಿಯರ ಆಟ ನೋಡಿದಳು. ಸಂಬಂಧವೊಂದರ ಮಾತುಕತೆಯಲ್ಲಿ, ಹುಡುಗಿಯ ಕಾಲಿನಲ್ಲಿ ಏನೋ ಊನವಿದೆಯಂತೆ ಎಂಬ ಪಿಸುಮಾತು ಹಬ್ಬಿ ಆ ಮಾತುಕತೆ ಅಲ್ಲಿಗೇ ನಿಂತಿತು.

ಕೊನೆಗೆ ಬೇರೊಬ್ಬ ವೈದ್ಯರು ಅವಳ ಮತ್ತೊಂದು ಪಾದದ ಚಿತ್ರವನ್ನೂ ತೆಗೆಸಿದರು. ಅದರಲ್ಲಿಯೂ ಅದೇ ಜಾಗದಲ್ಲಿ ಅಂಥದೇ ಚೂರು! ಅಂಚು ನುಣುಪಾಗಿ, ದುಂಡಗೆ ಇತ್ತು. ಹೊಸದಾಗಿ ಮುರಿದ ಎಲುಬಿನ ಅಂಚು ಹಾಗಿರದೆ ಚೂಪಾಗಿರುತ್ತದೆ. ಅದು ಹೆಚ್ಚುವರಿ ನೆವಿಕ್ಯುಲರ್ ಎಂಬ ಎಲುಬು. ಹಲವರಿಗೆ ಹುಟ್ಟಿನಿಂದ ಬರುವಂಥದು, ಬಹುಪಾಲು ಮಂದಿಗೆ ಅದು ಇರುವುದೇ ತಿಳಿಯದಂಥದು. ಕೆಲವರಲ್ಲಿ ಅಲ್ಲಿ ಅಂಟಿದ ಕಂಡರದ ಎಳೆತದಿಂದ ನೋವು ಬರುವುದೂ ಉಂಟು. ಈ ಹುಡುಗಿಗೆ ಆ ಜಾಗದಲ್ಲಿ ನೋವೇ ಇರಲಿಲ್ಲ. ಅದು ರಜ್ಜುವಿನ ಮಾತಲ್ಲ, ಎಲುಬಿನ ಮಾತು, ಆದರೆ ನ್ಯಾಯವೊಂದೇ. ಮುಂದೊಂದು ದಿನ ಅವಳು ನಮ್ಮೊಡನೆ ಹೇಳಿದಳು: "ಅಜ್ಜಾ, ನನ್ನ ಕಾಲು ಯಾವತ್ತೂ ಅಷ್ಟು ನೋಯಲಿಲ್ಲ. ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದುದು ನೋಯುತ್ತಿತ್ತು." ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಶಾಸ್ತ್ರ ಓದಿದವರು ಕೇಳದ ಪ್ರಶ್ನೆಯೊಂದನ್ನು ಆ ವೈದ್ಯರು ಕೇಳಿದ್ದರು, ಇನ್ನೊಂದು ಕಾಲು ಹೇಗಿದೆ ಎಂದು. ನಮ್ಮ ವೈದ್ಯರು ನಮ್ಮ ಎಡಗಾಲನ್ನು ಹಿಡಿದಾಗ ನಮಗೆ ಮೊದಲು ನೆನಪಾದವಳು ಆ ಮಗುವೇ.

ಇಂಥ ಭ್ರಾಂತಿ ಪಾದಕ್ಕೆ ಮಾತ್ರ ಮೀಸಲಲ್ಲ. 1994ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವು ಇಲ್ಲದ 98 ಮಂದಿಯ ಸೊಂಟದ ಭಾಗದ ಎಂ.ಆರ್.ಐ. ಚಿತ್ರ ತೆಗೆದು ಪ್ರಕಟಿಸಿದ ಅಧ್ಯಯನವೊಂದುಂಟು. ಅವರಲ್ಲಿ ನೂರಕ್ಕೆ 52 ಮಂದಿಗೆ ಬೆನ್ನೆಲುಬಿನ ನಡುವಣ ಬಿಲ್ಲೆಯು ಒಂದು ಕಡೆಯಾದರೂ ಉಬ್ಬಿತ್ತು. ನೋವಿಲ್ಲದವರಲ್ಲಿಯೇ ಇಷ್ಟು ಕಂಡರೆ, ನೋವಿರುವವರಲ್ಲಿ ಕಂಡ ಉಬ್ಬೇ ನೋವಿಗೆ ಕಾರಣವೆಂದು ಕಣ್ಣುಮುಚ್ಚಿ ಹೇಳುವುದು ಹೇಗೆ? ಆದುದರಿಂದಲೇ ವರದಿಗಳ ಕೊನೆಯಲ್ಲಿ, ರೋಗಿಯ ಲಕ್ಷಣಗಳೊಡನೆ ಹೋಲಿಸಿ ನೋಡತಕ್ಕದ್ದು ಎಂಬರ್ಥದ ಒಂದು ಸಾಲು ಇರುತ್ತದೆ. ನಾವು ಆ ಸಾಲನ್ನು ಶುಭಪತ್ರಿಕೆಯ ಕೊನೆಯ ಔಪಚಾರಿಕ ಸಾಲಿನಂತೆ ಓದದೆ ಬಿಡುತ್ತೇವೆ. ವಾಸ್ತವವಾಗಿ ವರದಿಯ ಅತ್ಯಂತ ಮುಖ್ಯವಾದ ಸಾಲು ಅದೇ. ಚಿತ್ರ ಓದುವವರು ರೋಗಿಯನ್ನು ಬಹುಶಃ ಕಂಡೇ ಇರುವುದಿಲ್ಲ; ಕಂಡುದನ್ನೆಲ್ಲ ಬರೆಯುವುದು ಅವರ ಧರ್ಮ. ಅದನ್ನು ಕಾಲಿನೊಡನೆ ಕೂಡಿಸಿ ಓದುವುದು ಎದುರಿಗಿರುವ ವೈದ್ಯರ ಧರ್ಮ.

ಹಾಗೆಂದು ಓದುಗರು ಇನ್ನೊಂದು ತುದಿಗೆ ಹೋಗಬಾರದು. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಬೆಚ್ಚುವುದು ಭ್ರಾಂತಿಯಾದರೆ, ಹಾವನ್ನು ಹಗ್ಗವೆಂದು ತುಳಿಯುವುದು ಅದಕ್ಕಿಂತ ದೊಡ್ಡ ಕೇಡು. ಉಳುಕಿದಾಗ ಕ್ಷಕಿರಣದ ಚಿತ್ರ ಬೇಕೋ ಬೇಡವೋ ಎಂದು ತೀರ್ಮಾನಿಸಲು ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಸರಳವಾದ ನಿಯಮಗಳನ್ನು ಪ್ರಕಟಿಸಿದರು. ಅವು ಇಂದಿಗೂ ಬಳಕೆಯಲ್ಲಿವೆ. ಪೆಟ್ಟಾದ ಕೂಡಲೆಯೂ, ವೈದ್ಯರ ಮುಂದೆಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಚಿತ್ರ ಬೇಕು. ಹರಡಿನ ಎರಡೂ ಬದಿಯ ಗಿಣ್ಣುಗಳ ತುದಿಯನ್ನಾಗಲಿ ಹಿಂದಣ ಅಂಚನ್ನಾಗಲಿ ಒತ್ತಿದಾಗ ಎಲುಬಿನಲ್ಲಿಯೇ ನೋವಾದರೆ ಚಿತ್ರ ಬೇಕು. ಕಿರುಬೆರಳಿನ ಸಾಲಿನ ಎಲುಬಿನ ಬುಡದಲ್ಲಿ, ಅಥವಾ ಪಾದದ ಒಳಮಗ್ಗುಲಿನ ನೆವಿಕ್ಯುಲರ್ ಎಲುಬಿನ ಮೇಲೆ ಒತ್ತಿದರೆ ನೋವಾದರೂ ಬೇಕು. ಅಂಗಾಲಿನ ನಡುವೆ ನೀಲಿಗಟ್ಟಿದರೆ ಲಿಸ್‌ಫ್ರಾಂಕನ ರಜ್ಜುವಿಗೆ ಪೆಟ್ಟಾಗಿರಬಹುದು. ಅದನ್ನು ಉಪೇಕ್ಷಿಸಿದರೆ ಪಾದದ ಕಮಾನೇ ಕುಸಿಯುವ ಭಯವಿದೆ. ಪಾದವು ತಣ್ಣಗಾದರೆ, ಜೋಮು ಹಿಡಿದರೆ, ಆಕಾರ ಕೆಟ್ಟರೆ ಒಂದು ಗಳಿಗೆಯೂ ತಡಮಾಡಬಾರದು. ಸಕ್ಕರೆ ಕಾಯಿಲೆಯವರಿಗೆ ನೋವು ಸರಿಯಾಗಿ ತಿಳಿಯದಿರಬಹುದು, ಆದುದರಿಂದ ಅವರು ಹೆಚ್ಚು ಎಚ್ಚರದಿಂದಿರಬೇಕು. ಪೆಟ್ಟು ತಿಂದ ಕಾಲನ್ನು ಎಣ್ಣೆ ಹಚ್ಚಿ ಬಲವಾಗಿ ಎಳೆದು ನೀವುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಮುರಿದಿಲ್ಲವೆಂದು ಖಚಿತವಾಗುವವರೆಗೆ ಅದು ಸಲ್ಲದು.

ವರದಿಯನ್ನು ಹಿಡಿದು ವೈದ್ಯರ ಮುಂದೆ ಕುಳಿತವರು ವಿನಯದಿಂದ ನಾಲ್ಕು ಪ್ರಶ್ನೆ ಕೇಳಬಹುದು. ಚಿತ್ರದಲ್ಲಿ ಕಂಡ ಜಾಗವೂ ನನಗೆ ನೋಯುವ ಜಾಗವೂ ಒಂದೆಯೆ? ಇದು ಹುಟ್ಟಿನಿಂದ ಬಂದ ಭೇದವಾಗಿರಬಹುದೆ? ಇನ್ನೊಂದು ಕಾಲು ಹೇಗಿದೆ? ಇದರಿಂದ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುವುದೆ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಉಳುಕಿನಲ್ಲಿ ನಿಜವಾಗಿಯೇ ಪೆಟ್ಟು ತಿಂದ ರಜ್ಜುಗಳೂ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ, ಮೊದಲ ದಿನಗಳ ವಿಶ್ರಾಂತಿ, ಬಿಗಿಯಾದ ಪಟ್ಟಿ, ಬಳಿಕ ಕ್ರಮವಾದ ನಡಿಗೆ ಮತ್ತು ಸಮತೋಲದ ಅಭ್ಯಾಸಗಳಿಂದ ಗುಣವಾಗುತ್ತವೆ. ನಮಗೆ ಹೇಳಿಕೊಟ್ಟ ಅಭ್ಯಾಸವೂ ಅಷ್ಟೇ. ಗೋಡೆಯ ಬಳಿ ಒಂಟಿಕಾಲಿನಲ್ಲಿ, ಎಣಿಸುತ್ತ, ನಿಲ್ಲುವುದು. ಮೊಮ್ಮಕ್ಕಳು ನಮ್ಮ ಜೊತೆ ನಿಂತು, ಅಜ್ಜ ಮೊದಲು ಬೀಳುತ್ತಾನೋ ತಾವೋ ಎಂದು ಪಂದ್ಯ ಕಟ್ಟುತ್ತಾರೆ.

ಆ ಹುಡುಗಿಗೆ ಈಗ ಮದುವೆಯಾಗಿದೆ. ಕಳೆದ ತಿಂಗಳು ಊರಿಗೆ ಬಂದವಳು ನಮ್ಮ ಕೋಲನ್ನು ಕಂಡು, ಏನಾಯಿತೆಂದು ಕೇಳಿದಳು. ಇದ್ದುದನ್ನೆಲ್ಲ ಹೇಳಿದೆವು. ಅವಳು ನಕ್ಕು, "ನಿಮಗೆ ಹತ್ತು ದಿನ, ನನಗೆ ಎರಡು ವರುಷ" ಎಂದಳು. ಆ ಮಾತಿನಲ್ಲಿ ಕಹಿಯಿರಲಿಲ್ಲ, ಲೆಕ್ಕ ಮಾತ್ರ ಸರಿಯಾಗಿತ್ತು. ಸಂಜೆ ಕೋಲನ್ನು ಮನೆಯಲ್ಲಿಯೇ ಬಿಟ್ಟು ಅವಳೊಡನೆ ಕೆರೆಯ ಏರಿಯವರೆಗೂ ನಡೆದು ಬಂದೆವು. ಓದುಗರ ಮನೆಗಳಲ್ಲಿ ಇಂಥದೊಂದು ವರದಿಗೆ ಹೆದರಿ ಮೂಲೆ ಸೇರಿದವರಿದ್ದರೆ, ಅವರನ್ನು ಮತ್ತೊಮ್ಮೆ ಬಲ್ಲ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎರಡೂ ಕಾಲುಗಳನ್ನು ನೋಡಿಸಿರಿ. ಅಲ್ಲಿಯವರೆಗೆ ಆ ಕಾಲಿನ ಬಗ್ಗೆ ಊರೆಲ್ಲ ಮಾತನಾಡದಿರಿ.